ಒಂದೂವರೆ ತಾಸು

ರೈಲು ಒಂದೂವರೆ ತಾಸು ತಡವೆಂದು
ಮೈಕು ಮೂರು ಭಾಷೆಯಲ್ಲಿ ಒದರಿತು.
ಖಮರು ಚೀಲ ಹೆಗಲಿಗೇರಿಸಿ
"ನಡಿ, ನಿಮ್ಮೂರು ತೋರಿಸು" ಅಂದಳು.

ನನಗೆ ನಾಚಿಕೆ.
ಇಪ್ಪತ್ತಾರು ವರ್ಷದಿಂದ ರಾಯಚೂರಿನಲ್ಲಿದ್ದೇನೆ,
ಹತ್ತಿ ಜಿನ್ನಿನ ಕಾಟಾದ ಕಿಟಕಿಯ ಹಿಂದೆ.
ತುಂಬಿದ ಲಾರಿ ಒಳಬರುವಾಗೊಮ್ಮೆ ತೂಗಿ,
ಖಾಲಿ ಹೊರಡುವಾಗೊಮ್ಮೆ ತೂಗಿ,
ನಡುವಿನ ವ್ಯತ್ಯಾಸಕ್ಕೆ ಚೀಟಿ ಬರೆಯುವವಳು.
ಕೋಟೆಯೆಂದರೆ ನನಗೆ
ಬಸ್ಸು ಬರುವ ತನಕ ನಿಲ್ಲುವ ನೆರಳು, ಅಷ್ಟೇ.

"ನೋಡೂದೇನೈತಿ ಇಲ್ಲಿ? ಬಿಸಿಲು."
"ಅದನ್ನ ಕಲಬುರ್ಗ್ಯಾಗ ನೋಡೀನಿ. ಬ್ಯಾರೆ ಏನರ ತೋರಿಸು."

ಹಾಸ್ಟೆಲಿನಲ್ಲಿ ಒಂದೇ ಟ್ರಂಕಿಗೆ ಎರಡು ಬೀಗ ಹಾಕಿದವರು ನಾವು.
ಈಗ ಅವಳಿಗೆ ಮೊಣಕಾಲು, ನನಗೆ ಬಿ.ಪಿ.
ಆಟೋ ಬೇಡವೆಂದಳು. ನಡೆದೆವು,
ಪಂಚರ್ ಅಂಗಡಿ, ಕಬ್ಬಿನ ಹಾಲಿನ ಗಾಣ, ಕನ್ನಡಕದ ಅಂಗಡಿ ದಾಟಿ,
ಗೆಜ್ಜೆ ಕಟ್ಟಿದ ಗಾಣದ ಸದ್ದು ಬೆನ್ನಿಗೆ ಬಿದ್ದು
ಸ್ವಲ್ಪ ದೂರ ನಮ್ಮ ಜೊತೆಗೇ ಬಂತು.

ಕೋಟೆ ಗೋಡೆಯಲ್ಲಿ ಆ ಉದ್ದನೆಯ ಕಲ್ಲು.
ಮೈತುಂಬ ಅಕ್ಷರ, ನನಗೊಂದೂ ಓದಲು ಬಾರದು.
ಖಮರು ಓದುವ ಗೋಜಿಗೇ ಹೋಗಲಿಲ್ಲ.
ಚೀಲದಿಂದ ಟೇಪು ತೆಗೆದಳು,
ಯಾರ ಮದುವೆಗೆ ಹೊರಟರೂ
ಅವಳ ಚೀಲದಲ್ಲಿ ಟೇಪು, ಸೀಮೆಸುಣ್ಣ, ಎರಡು ಗುಂಡುಪಿನ್ನು.
"ತುದಿ ಹಿಡಿ."
ಗೋಡೆಯ ಬುಡದಲ್ಲಿ ನಾನು ಕೂತೆ, ಅವಳು ಸರಿದಳು,
ಅವಳು ನಿಂತಳು, ನಾನು ಸರಿದೆ.
ಒಂದು. ಎರಡು. ಮೂರು.
ಮಂಡಾಳು ತಿನ್ನುತ್ತಿದ್ದ ಹುಡುಗನೊಬ್ಬ
"ಕಲ್ಲಿಗೆ ಜಂಪರ್ ಹೊಲೀತೀರೇನ್ರಿ?" ಅಂದ.
ನಕ್ಕು ನಕ್ಕು ಲೆಕ್ಕ ತಪ್ಪಿತು.
ಐದನೆಯ ಟೇಪೋ, ಆರನೆಯದೋ.
ಅರ್ಧ ಕಲ್ಲು ಇನ್ನೂ ಉಳಿದಿತ್ತು, ಬಿಟ್ಟೆವು.

ಅಲ್ಲೇ, ಉಗುರಲ್ಲಿ ಗೀರಿದಷ್ಟು ತೆಳ್ಳಗೆ,
ಕಲ್ಲು ಎಳೆದು ತಂದ ದಿನದ ಚಿತ್ರ:
ಕೋಣಗಳ ಸಾಲು, ಗಟ್ಟಿ ಗಾಲಿಯ ಬಂಡಿ,
ಹಿಂದಿನಿಂದ ಸನ್ನೆಗೋಲು ಕೊಟ್ಟು ಮೀಟುವವರು.
ನಾನು ಬಸ್ಸಿಗೆ ಕಾದ ಇಷ್ಟು ವರ್ಷವೂ
ಇವರು ನನ್ನ ಬೆನ್ನ ಹಿಂದೆ ಎಳೆಯುತ್ತಲೇ ಇದ್ದರು.
ಖಾಲಿ ಬಂಡಿಯ ತೂಕ ಯಾರಾದರೂ ಬರೆದಿಟ್ಟರೇ,
ನನ್ನ ತಲೆ ಅಲ್ಲಿಗೇ ಹೋಯಿತು.
ಖಮರು ಮೂಗಿನ ತುದಿಗೆ ಕನ್ನಡಕ ಜಾರಿಸಿ
ಹೊಲಿಗೆ ಬಿಟ್ಟಲ್ಲಿ ಹುಡುಕುವಂತೆ ಹುಡುಕಿದಳು.
"ಇವರಿಗೆ ರೊಟ್ಟಿ ಬಡಿದು ಕೊಟ್ಟಾಕಿ ಎಲ್ಲಿದ್ದಾಳ ಇದರಾಗ?"

ಏಕ್ ಮಿನಾರ್ ಮಸೀದಿಯ ಮುಂದೆ
ಹಿಂದಕ್ಕೆ ಬಾಗಿ ಬಾಗಿ ಸೆರಗು ಜಾರಿತು.
ಒಂದೇ ಮಿನಾರು,
ಬಸ್ಸು ನಿಲ್ಲಿಸಲು ಎತ್ತಿದ ಕೈ,
ಬಸ್ಸು ಹೋದ ಮೇಲೂ ಇಳಿಸಲು ಮರೆತಂತೆ.
"ಜೋಡಿ ಇಲ್ಲದ್ದಕ್ಕ ಎಷ್ಟು ಆರಾಮ ನಿಂತೈತಿ ನೋಡು" ಅಂದಳು.
ಗಂಡ ಹೋಗಿ ಮೂರು ವರ್ಷ ಅವಳಿಗೆ.
ನಾನು ಮದುವೆಯ ಮಾತಿಗೇ ಹೋಗದವಳು.
ಇಬ್ಬರೂ ಸೆರಗು ಸರಿಮಾಡಿಕೊಂಡೆವು.

ತೀನ್ ಕಂದೀಲಿಗೆ ಬರುವಾಗ ಕರೆಂಟು ಹೋಗಿತ್ತು.
"ಮೂರರಾಗ ಒಂದರ ಹಚ್ಚಬಾರದೇನು?"
ಅಂಗಡಿಯವ ಮೊಬೈಲಿನ ಬೆಳಕಲ್ಲಿ ಮಿರ್ಚಿ ಎಣಿಸಿ ಕೊಟ್ಟ,
ನಾಲ್ಕು ಕೇಳಿದ್ದಕ್ಕೆ ಐದು ಬಂದವು.
ಐದನೆಯದನ್ನು ಮುರಿದು ತಿಂದೆವು,
ಬೀಜವೆಲ್ಲ ನನ್ನ ಪಾಲಿಗೆ.

ಮಾವಿನ ಕೆರೆ ಉಳಿಯಿತು. ನವರಂಗಿ ದರವಾಜಾ ಉಳಿಯಿತು.
"ಎಲ್ಲಾ ನೋಡಿಬಿಟ್ರ ಮತ್ತ ಯಾಕ ಬರಲಿ" ಅಂದು
ತಾನೇ ಆಟೋ ಕರೆದಳು, ತಾನೇ ಚೌಕಾಸಿ ಮಾಡಿದಳು,
ನನ್ನೂರಿನಲ್ಲಿ, ಹತ್ತು ರೂಪಾಯಿ ಕಡಿಮೆಗೆ.

ರೈಲು ಹೇಳಿದ್ದಕ್ಕಿಂತ ಮೊದಲೇ ಬಂದು ನಿಂತಿತ್ತು.
ಚೀಲ ಒಳಗೆಸೆದೆ, ಅವಳನ್ನು ನೂಕಿದೆ,
ಸನ್ನೆಗೋಲಿನವರ ಹಾಗೆ, ಹಿಂದಿನಿಂದ.
ಆದೋನಿಯ ಕಡೆಗೆ ಗಾಲಿ ಉರುಳಿದಾಗ
ಕಿಟಕಿಯ ಸರಳಿನಾಚೆ ಖಮರು
ಏನನ್ನೋ ನೆನೆಸಿಕೊಂಡವಳಂತೆ ಕೂಗಿದಳು, ಕೇಳಿಸಲಿಲ್ಲ.
ಕೈ ಹೊರಗೆ ಚಾಚಿ ತೋರಿಸಿದಳು:
ಐದು ಬೆರಳು.
ಬರ್ತೀನಿ ಅಂದಳೋ,
ಐದನೆಯ ಟೇಪು ಅಂದಳೋ.